ನವೀದನ ನೋಯದ ಹಲ್ಲು

ಎಲ್ಲಿಂದ ಸುರು ಮಾಡ್ಲಿ? ಗೋವಾದ ಮುರ್ಮುಗಾಂವ್ ಬಂದರಿನ್ಯಾಗ ನವೀದ ಚೀಲ ಹೊತ್ತು ಏದುಸಿರು ಬಿಡ್ತಾನಲ್ಲ, ಅಲ್ಲಿಂದ? ಬ್ಯಾಡ. ನಿಮಗ ಕನಿಕರ ಬರತೈತಿ. ಈ ಶಾಣ್ಯಾನ ಮ್ಯಾಲ ಕನಿಕರ ದಂಡ.

೧. (ಹರಿದ ಡ್ರಾಫ್ಟ್.) ಬರೋ ತಿಂಗಳು ಬುಶ್ರಾ ಜೋಡಿ ಇವನ ನಿಖಾ. ಬೀಡಿ ಸೇದಿ ಸೇದಿ ಅಕಿ ಅಪ್ಪ ಕೆಮ್ಮಿ ಸತ್ತಾನ. "ಸಿಗರೇಟ್ ಬಿಡಸ್ಕೊಂಡು ಬರ್ರಿ, ಇಲ್ಲಾಂದ್ರ ನಿಖಾ ಇಲ್ರಿ" ಅಂದಾಳ. "ನಾ ಸೇದ್ತೀನಂತ ನಿಮ್ಮ ಮನ್ಯಾಗ ಮಾತ್ರ ಹೇಳಬ್ಯಾಡ" ಅಂತ ಇವ ಕೈ ಮುಗದಾನ. ಅಳು ಜಾಸ್ತಿ ಆತು, ಹರಿದೆ.

೨. ಸೀದಾ ದವಾಖಾನಿಗೆ ತಂದು ನಿಲ್ಲಿಸಿದೆ. ತಂಬಾಕು ಬಿಡಿಸೋ ಖೋಲಿ. ರೊಕ್ಕ ಕೊಡೋದಿಲ್ಲ, ಫುಕಟ್. ಒಳಗ ಡಾಕ್ಟ್ರಬಾಯಿ ಖಾಲಿ ಕುಂತಾಳ.

"ಹೋಗಲೇ" ಅಂದೆ.

"ಹೋಗಂಗಿಲ್ರಿ. ಇಲ್ಲಿಗೆ ಬರೋರು ಚಟ ಹತ್ತಿದವ್ರು. ನನಗೆಲ್ಲೈತ್ರಿ ಚಟ? ಮನಸ್ ಮಾಡಿದ್ರ ನಾಳೆನ ಬಿಡ್ತೀನಿ."

(ಇವನ ನಾಳೆ ಎರಡು ವರ್ಷದಿಂದ ಬಂದಿಲ್ಲ. ಕೆಟ್ಟ ಬೈಕ್ ಗ್ಯಾರೇಜಿಗೆ ತಳ್ಕೊಂಡು ಹೋಗಾಕ ಈ ಹುಡುಗರಿಗೆ ನಾಚಿಕಿ ಇಲ್ಲ, ಡಾಕ್ಟ್ರಿಗೆ ಎದಿ ತೋರಸಾಕ ಭಾಳ ನಾಚಿಕಿ!)

೩. ಒಳಗ ದೂಡಾಕ ಹೋದೆ. ಲೇಖಕ ಅಂದಮ್ಯಾಲ ಅಷ್ಟೂ ಹಕ್ಕಿಲ್ಲೇನು? ಆದ್ರ ಬಾಗಲಾ ಮುಂದಿನ ಬೆಂಚಿನ ಮ್ಯಾಲ ಬುಶ್ರಾಳ ತಾಯಿಯ ತಂಗಿ ಪರ್ವೀನ ಗಲ್ಲ ಹಿಡ್ಕೊಂಡು ಕುಂತಿದ್ಲು. (ಅಕಿನ್ನ ನಾ ಕೂಡ್ರಿಸಿಲ್ಲ. ಗೋವಾದಾಗ ಎಲ್ಲಿ ಹೋದ್ರೂ ನಮ್ಮ ಮಂದಿನ.)

"ನೀ ಇಲ್ಯಾಕಪಾ, ನವೀದ?"

"ಹಲ್ಲು ನೋವ್ರಿ, ಖಾಲಾ."

"ಅಯ್ಯ, ಹಲ್ಲಿನ ಡಾಕ್ಟ್ರು ಇಲ್ಲೇ ಬಾಜೂಕ ಅದಾರ, ಬಾ." ಕೈ ಹಿಡದು ಒಳಗ ಕರಕೊಂಡ ಹೋದ್ಲು.

ಹುಳುಕು ಹಲ್ಲು ಒಂದು ಸಿಕ್ತು. (ಡಾಕ್ಟ್ರ ಮರ್ಯಾದಿ ಉಳೀಲಿ ಅಂತ ಹುಳುಕು ನಾನ ಹಾಕಿದೆ. ನೋವು ಹಾಕಿಲ್ಲ.) ಡಾಕ್ಟ್ರು ಕೇಳಿದ್ರು, "ಸಿಗರೇಟ್ ಸೇದ್ತೀಯೇನು?"

ನೋಡ್ರಿ ಇವನ ನಸೀಬು! ಹುಡುಕ್ಕೊಂಡು ಹೋಗಬೇಕಾದ ಸಹಾಯ ತಾನಾಗೇ ಬಂದು ಕೇಳಾಕತ್ತೈತಿ. ಹೂಂ ಅಂದ್ರ ಸಾಕು. ಅನ್ನೋ, ಖೋಡಿ!

ನವೀದ ವಾರೆಗಣ್ಣಿಲೆ ಖಾಲಾನ್ನ ನೋಡಿದ. "ಇಲ್ರಿ."

ಹಲ್ಲು ಕಿತ್ರು.

೪. ಅಂತ್ಯ ನೀವ ಆರಿಸ್ಕೊಳ್ರಿ. ಒಂದು: ಅವ ಹೊರಳಿ ಆ ಖೋಲಿಗೆ ಹೋದ. (ನಗಬ್ಯಾಡ್ರಿ.) ಎರಡು: ಪರ್ವೀನಗ ಸಿಗರೇಟ್ ವಾಸನಿ ಮೊದಲ ಬಡದಿತ್ತು, ಮನಿ ಮಂದಿಗೆಲ್ಲ ಗೊತ್ತಿತ್ತು, ಹಲ್ಲು ಹೋದದ್ದಷ್ಟ ಲಾಭ. ಎರಡೂ ನನಗ ಸೇರಲಿಲ್ಲ.

ಯಾಕಂದ್ರ ಅಷ್ಟ್ರಾಗ ಬುಶ್ರಾಳ ಫೋನ್ ಬಂತು. "ದವಾಖಾನಿಗೆ ಹೋಗಿದ್ರೇನ್ರಿ?"

"ಹೂಂ."

"ಡಾಕ್ಟ್ರಿಗೆ ಖರೇ ಹೇಳಿದ್ರೇನ್ರಿ?"

ಬಾಯಾಗ ಹತ್ತಿ ಐತಿ ಅಂತ ನೆವ ಮಾಡ್ಕೊಂಡ. ನಾ ಕಥಿಯೊಳಗ ಕೈ ಹಾಕಿ ಆ ಹತ್ತಿ ತಗದೆ. ಈಗರ ಹೇಳಲೇ!

ನಾಲಿಗಿಲೆ ಹಲ್ಲು ಹೋದ ಜಾಗಾ ತಡವಾಕತ್ತಾನ. ಅತ್ಲಾಗ ಬುಶ್ರಾ ಫೋನ್ ಇಟ್ಟಿಲ್ಲ.