ರಾಯಭಾರಿ ಉಂಡ ಎರಡು ಊಟ

ದಾರ್ ಎಸ್ ಸಲಾಂ, ಲುಸಾಕಾ, ಕಂಪಾಲಾ ಎಂದು ಆಫ್ರಿಕಾದ ಊರೂರು ಸುತ್ತಿದ್ದ ರಾಯಭಾರಿ ಮಹಾದೇವಪ್ಪ ರಜೆಯ ಮೇಲೆ ತನ್ನೂರು ಸಗರಕ್ಕೆ ಬಂದಿಳಿದಾಗ ಅಕ್ಕ ಶಂಕ್ರಮ್ಮ ಕುಶಲ ಕೂಡ ಕೇಳಲಿಲ್ಲ.

“ದೇಶದೇಶದ ಜಗಳ ಬಿಡಸ್ತೀಯಂತ. ಈ ಇಬ್ಬರ ಜಗಳ ಬಿಡಸು ನೋಡೂಣು. ನನ್ನ ನೆಲ್ಲು ಒಣಗಾಕತ್ತದ.”

ಊರಿಗೆ ಕಾಲುವೆ ಬಂದಿದ್ದು ಮೊನ್ನೆ ಮೊನ್ನೆ, ಆಗಲೇ ಅದರೊಂದಿಗೆ ಜಗಳವೂ ಹರಿದು ಬಂದಿತ್ತು. ಶಂಕ್ರಮ್ಮನ ಗದ್ದೆ ಕಾಲುವೆಯ ತೀರಾ ಕೊನೆಗೆ. ಅದರ ಮೇಲ್ಗಡೆ, ನೀರು ಬರುವ ದಾರಿಯಲ್ಲಿ, ಅಮರಪ್ಪ, ಜಗದೇವಪ್ಪ ಎಂಬ ಅಣ್ಣತಮ್ಮಂದಿರ ಹೊಲ. ಮೊದಲ ನೀರು ಯಾರಿಗೆ ಎಂದು ಹಟಕ್ಕೆ ಬಿದ್ದು, ಒಬ್ಬ ತೂಬು ತೆಗೆದರೆ ಇನ್ನೊಬ್ಬ ಮುಚ್ಚುತ್ತಿದ್ದ. ಹಳದಿ ತಿರುಗಿದ ಪೈರು ಕಂಡ ಮಹಾದೇವಪ್ಪ ರಾಜಿ ಮಾಡಿಸಲು ಹೊರಟ.

ಆತ ಕಲಿತಿದ್ದ ವಿದ್ಯೆ ಒಂದೇ. ಎದುರಿನವನ ಮನೆಯಲ್ಲಿ ಹೊಟ್ಟೆತುಂಬ ಉಂಡು, ಅವನ ಕಿವಿಯಲ್ಲಿ ನೀನೇ ಸರಿ ಎನ್ನುವುದು. ಬಡ್ತಿಗಳೆಲ್ಲ ಅದರಿಂದಲೇ ಬಂದಿದ್ದವು.

ಅಮರಪ್ಪನ ಮನೆಯಲ್ಲಿ ರೊಟ್ಟಿ, ಎಣಗಾಯಿ ಉಂಡವನೇ, “ಇಂಥಾ ಎಣಗಾಯಿ ಎಲ್ಲೂ ಉಂಡಿಲ್ಲರಿ. ನ್ಯಾಯ ನಿಮ್ಮ ಕಡೀನೇ ಅದ. ಆಚಿ ಮನ್ಯಾಗ ಹೇಳಬ್ಯಾಡ್ರಿ,” ಎಂದ. ಅಲ್ಲಿಂದ ಎದ್ದು ಪಕ್ಕದಲ್ಲೇ ಇದ್ದ ಜಗದೇವಪ್ಪನ ಮನೆಗೆ ಹೋಗಿ, “ಮುಂಜಾನಿಂದ ಬರೇ ಚಹಾದ ಮ್ಯಾಲ ಇದ್ದೀನ್ರಿ,” ಎಂದು ಬಿರಿಯುವ ಹೊಟ್ಟೆಗೆ ಮತ್ತೆ ರೊಟ್ಟಿ ತುರುಕಿದ. ಎಣಗಾಯಿಯ ಹೊಗಳಿಕೆ, ನ್ಯಾಯದ ಗುಟ್ಟು, ಎರಡನ್ನೂ ಒಂದಕ್ಷರ ಬದಲಿಸದೆ ಒಪ್ಪಿಸಿದ.

ಪಾಪ, ಕಂಪಾಲಾದಲ್ಲಿ ಹಿತ್ತಿಲ ಗೋಡೆಯ ಕಾಟ ಇರಲಿಲ್ಲ. ಗಂಡಂದಿರು ಮಾತು ಬಿಟ್ಟಿದ್ದರೇನು, ಭೀಮಾಬಾಯಿ, ಗೊಲ್ಲಾಳಮ್ಮ ಎಂಬ ವಾರಗಿತ್ತಿಯರು ಆ ಗೋಡೆಯ ಮೇಲಿಂದ ದಿನಾ ಪಲ್ಯ ದಾಟಿಸುತ್ತಿದ್ದರು. ಆವತ್ತು ಈತ ಎರಡೂ ಕಡೆ ಉಂಡ ಎಣಗಾಯಿ ಒಂದೇ ಒಲೆಯದು. ಊಟದ ಹಿಂದೆಯೇ ಗುಟ್ಟೂ ಗೋಡೆ ದಾಟಿತು.

ಸಂಜೆಗೆ ಅಣ್ಣತಮ್ಮ ಹೆಗಲಿಗೆ ಹೆಗಲು ಹಚ್ಚಿ ಶಂಕ್ರಮ್ಮನ ಅಂಗಳಕ್ಕೆ ಬಂದರು.

“ಅಣ್ತಮ್ಮರ ನಡುವ ಬೆಂಕಿ ಹಚ್ಚಾಕ ಬಂದೀರೇನ್ರಿ ಸಾಹೇಬ್ರ?” ಎಂದು ಅಮರಪ್ಪ ಗುಡುಗಿದ.

“ಅಕ್ಕಾರ, ಇವ್ರಿಗೆ ಇನ್ನ ನಮ್ಮ ಮನಿಗಿ ಕಳಸಬ್ಯಾಡ್ರಿ,” ಎಂದ ಜಗದೇವಪ್ಪ. “ನಾವಿಬ್ರೂ ಕೂಡಿ ತೂಬು ತಗದೀವಿ. ನೀರ ನಿಮ್ಮ ಗದ್ದಿಗಿ ಹೊಂಟದ.”

ಮಹಾದೇವಪ್ಪ ನಾಚಿಕೆಯಿಂದ ಹಿಡಿಯಷ್ಟಾದ. ಅವರು ಅತ್ತ ಹೋದದ್ದೇ ತಡ, ಚೀಲ ಕಟ್ಟಿದ.

“ಹೋಗ್ತೀನಿ ಅಕ್ಕಾ. ನನ್ನ ಮಾರಿ ಕಂಡ್ರ ಅವ್ರಿಬ್ರಿಗೂ ಆಗಂಗಿಲ್ಲ.”

ಶಂಕ್ರಮ್ಮ ಚೀಲ ಕಸಿದುಕೊಂಡು ಒಳಗಿಟ್ಟಳು.

“ಅದಕ್ಕಾ ಹೇಳಾಕತ್ತೀನಿ, ರಜಾ ಹೆಚ್ಚ ಮಾಡಸು. ಸುಗ್ಗಿ ಮುಗದು ರಾಶಿ ಆಗೋತನ ದಿನಾ ಅವ್ರ ಮುಂದ ಒಂದ್ಸಲ ಹಾದು ಬಾ.”