ಫಿಲೊಮೆನ್ ಅಜ್ಜಿ ಸೊಟ್ಟ ಕಟ್ಟಿಸಿದ ಗೋಡೆ

ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಗೋಡೆ ಕಟ್ಟುವುದು ನಮ್ಮ ಮನೆತನದ ಕಸುಬು. ನಾನು ಕಟ್ಟಿದವುಗಳಲ್ಲಿ ಸೊಟ್ಟಗಿರುವುದು ಒಂದೇ, ಅದನ್ನು ಹಟ ಹಿಡಿದು ಸೊಟ್ಟ ಕಟ್ಟಿಸಿದವಳು ಫಿಲೊಮೆನ್ ಅಜ್ಜಿ. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಚಿತ್ರಕಾರ ಸೊವೆರ್ ಬಾಳಿದ ಮನೆಯನ್ನು ನೋಡಲೆಂದು ನಮ್ಮ ರೋಕ್‌ಬ್ರಿಲ್ ಬೆಟ್ಟ ಹತ್ತಿ ಬರುವವರು ತೋಟದ ಆ ಗೋಡೆಯ ಮುಂದೆ ನಿಂತು, "ಮೇಸ್ತ್ರಿ ಕುಡಿದು ಕಟ್ಟಿರ್ಬೇಕು" ಎಂದು ನಗುವಾಗ, ಪಕ್ಕದ ಓಣಿಯಲ್ಲೇ ವಾಸವಿರುವ ನನ್ನ ಕಿವಿಗೆ ಅದು ಬೀಳದೆ ಇರುತ್ತದೆಯೆ?

ಅಜ್ಜಿ ಆ ಮನೆಗೆ ಅಡುಗೆಯ ಹುಡುಗಿಯಾಗಿ ಬಂದವಳು, ಸೊವೆರ್ ಸತ್ತು ಮನೆ ಊರಿನ ಪಾಲಾದ ಮೇಲೆ ಬೀಗದ ಕೈ ಹಿಡಿದು ಅಲ್ಲೇ ಉಳಿದವಳು. ನಮ್ಮ ಕಡಿದಾದ ಓಣಿಗಳನ್ನು ಆಕೆ ನೇರ ಇಳಿದದ್ದನ್ನು ನಾನು ಕಾಣೆ. ಏಡಿಯಂತೆ ಅಡ್ಡಡ್ಡ, ಒಂದು ಕೈಯಿಂದ ಗೋಡೆಗಳನ್ನು ಹಸುವಿನ ಮೈ ಸವರುವಂತೆ ಸವರುತ್ತ ಇಳಿಯುತ್ತಿದ್ದಳು. ಆಗಸ್ಟಿನ ಬೆಂಕಿಬಿಸಿಲಲ್ಲೂ ಮೈಮೇಲೆ ಸೊವೆರ್‌ನ ಹಳೆಯ ನೀಲಿ ಅಂಗಿ, ಅದರ ತೋಳ ತುಂಬ ಒಣಗಿದ ಬಣ್ಣ. ಒಗೆಯಲು ಕೊಡೆಂದು ಯಾರಾದರೂ ಕೇಳಿದರೆ, "ಇರ್ಲಿ ಬಿಡು, ಹಂಗೇ ಇರ್ಲಿ" ಎನ್ನುವಳು. ಮುರಿದ ಕುರ್ಚಿಗೂ, ಊರ ಮದುವೆ ಮುರಿದ ಸುದ್ದಿಗೂ ಆಕೆಯ ಮಾತು ಅದೊಂದೇ. ಕಡಲೆಹಿಟ್ಟಿನ ರೊಟ್ಟಿ ಸೀದರೂ ಅದೇ ಮಾತು ಹೇಳಿ ನಮಗೆ ತಿನ್ನಿಸುತ್ತಿದ್ದಳು.

ಸೊವೆರ್‌ನ ಹೆಸರಾಂತ ಚಿತ್ರದಲ್ಲಿರುವುದು ಇದೇ ಗೋಡೆ, ನಡುವೆ ಉಬ್ಬಿ ಹೊಟ್ಟೆ ಬಿಟ್ಟುಕೊಂಡು, ಬಿಸಿಲಿಗೆ ಬೆಳಗುತ್ತ. ಗೋಡೆ ಹೊಟ್ಟೆ ಬಿಟ್ಟಿತೆಂದರೆ ನಮ್ಮ ಕಸುಬಿನಲ್ಲಿ ಅದಕ್ಕೆ ಸಾವು ಬಂತೆಂದೇ ಅರ್ಥ. ಬಿಚ್ಚಿ ಕಟ್ಟುತ್ತೇನೆಂದು ನಾನು ಹೋದಾಗಲೆಲ್ಲ ಅಜ್ಜಿ ಅಡ್ಡ ನಿಂತಳು. ಕೊನೆಗೆ ಒಂದು ಚಳಿಗಾಲದ ಮಳೆಗೆ ಅದು ಕುಸಿದು ಬಿತ್ತು. ಈಸ್ಟರ್ ಹಬ್ಬಕ್ಕೆ ಜನ ಬರುವುದರೊಳಗೆ ಗೋಡೆ ಏಳದಿದ್ದರೆ ಸಿಮೆಂಟು ಸುರಿಸುತ್ತೇನೆಂದು ಮೇಯರ್ ಗುಡುಗಿದ. ಸಾಲು ನೇರ ಬರಲೆಂದು ನಾನು ನೂಲು ಕಟ್ಟಿ ಕೆಲಸ ಹಿಡಿದೆ. ಅಜ್ಜಿ ಬಂದು ನೂಲನ್ನು ಕತ್ತರಿಸಿ ಹಾಕಿದಳು.

"ಹೊಟ್ಟೆ ಎಲ್ಲೋ?"

"ಯಾವ ಹೊಟ್ಟೆ, ನಿನ್ನದೋ ಮೇಯರ್‌ದೋ?"

"ಗೋಡೇದು ಕಣೋ ಕತ್ತೆ! ಮೊದಲಿದ್ದ ಹಂಗೇ ಉಬ್ಬಿಸಿ ಕಟ್ಟು."

"ಬೀಳೋ ಗೋಡೆ ಕಟ್ಟೋಕೆ ನಮ್ಮಪ್ಪ ನಂಗೆ ಕಲಿಸಿಲ್ಲ ಅಜ್ಜಿ. ಸಿಮೆಂಟು ಸುರಿಸ್ಕೋ ಹೋಗು!"

ಸುತ್ತಿಗೆ ಎತ್ತಿಕೊಂಡು ಹೊರಟವನ ತೋಳು ಹಿಡಿದು, ಆಕೆ ಅದುವರೆಗೆ ಊರಿನಲ್ಲಿ ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಆ ಚಿತ್ರದಲ್ಲಿ ಮೊದಲು ಆಕೆಯಿದ್ದಳಂತೆ: ಉಬ್ಬಿನ ಕೆಳಗಿನ ತಗ್ಗಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತ, ಒಂದಿಡೀ ಬೇಸಿಗೆ.

"ಒಂದಿನ ನೋಡ್ತೀನಿ, ಚಾಕು ತಗೊಂಡು ಚಿತ್ರದಿಂದ ನನ್ನ ಕೆರೀತಾ ಇದ್ದ. 'ಗೋಡೆ ಒಂದೇ ಸಾಕು ಫಿಲೊ' ಅಂದ."

"ಅಂಥಾವನ ಮನೆ ಗುಡಿಸ್ತಾ ಬಂದ್ಯಲ್ಲ, ನಿಂಗೆ ಸಿಟ್ಟು ಬರಲಿಲ್ವಾ?"

"ಸಿಟ್ಟು ನಿಂಗೇ ಇರ್ಲಿ. ನನ್ನ ಕೆರೆದ ಮೇಲೆ ಉಳಿದಿದ್ದು ಆ ಉಬ್ಬು ಒಂದೇ ಕಣಪ್ಪಾ. ಅದನ್ನೂ ನೇರ ಮಾಡಿಬಿಟ್ರೆ ನಾ ಅಲ್ಲಿ ಕೂತಿದ್ದೆ ಅನ್ನೋಕೆ ಏನಿದೆ ಹೇಳು."

ನಾನು ತಿರುಗಿ ಕೆಲಸಕ್ಕೆ ನಿಂತೆ. ಒಳಗೊಂದು ನೆಟ್ಟನೆಯ ಗೋಡೆ ಎಬ್ಬಿಸಿ, ಉದ್ದುದ್ದ ಕಲ್ಲುಗಳನ್ನು ಅದರೊಳಕ್ಕೆ ಕಚ್ಚಿಸಿ, ಹೊರಮೈಗೆ ಮಾತ್ರ ಹೊಟ್ಟೆ ಕೊಟ್ಟು, ಹಬ್ಬದ ಹಿಂದಿನ ದಿನ ಮುಗಿಸಿದೆ. ಅಜ್ಜಿ ನೀಲಿ ಅಂಗಿಯಲ್ಲಿ ಬಂದು, ಕುಕ್ಕುರುಗಾಲಿನಲ್ಲಿ ಕೂತು, ಬೆನ್ನು ಒರಗಿಸಿ, ಆಚೆ ಈಚೆ ಉಜ್ಜಿ ನೋಡಿದಳು. ಚೆನ್ನಾಗಿದೆ ಎನ್ನುವಳೆಂದು ನಾನು ಕಾದೆ.

"ಎರಡು ಬೆರಳು ಎಡಕ್ಕೆ ಬರ್ಬೇಕಿತ್ತು."

ಸುತ್ತಿಗೆ ಎಸೆದು, ಬಾಯಿಗೆ ಬಂದದ್ದನ್ನೆಲ್ಲ ಬೈದು, ಬೈಯುತ್ತಲೇ ಕಲ್ಲು ಬಿಚ್ಚಿ ಸರಿಸಿದೆ. ಮತ್ತೆ ಕೂತಳು. ಈ ಸಲ ಬೆನ್ನು ಒರಗಿಸಿ ಕಣ್ಣು ಮುಚ್ಚಿದಳು.

"ಆಮೇಲಾದ್ರೂ ಬರೆದ್ನಾ ನಿನ್ನ?" ಎಂದೆ.

"'ಬರೋ ಬೇಸಿಗೇಲಿ ನಿನ್ನೊಬ್ಬಳದೇ ಚಿತ್ರ ಬರೀತೀನಿ' ಅಂದಿದ್ದ," ಎಂದಳು, ಕಣ್ಣು ತೆರೆಯದೆ.

ದೊಡ್ಡವರ ಮನೆಗಳನ್ನು ಕಾಯುವವರ ಜಾತಿಯೇ ಬೇರೆ. ಅವರು ಒರೆಸುವುದು ಒಡೆಯನ ಹೆಸರಿನ ಮೇಲಿನ ಧೂಳನ್ನೆಂದು ನಾವು ತಿಳಿಯುತ್ತೇವೆ. ಆದರೆ ಆ ಮನೆಯ ಯಾವುದೋ ಮೂಲೆಯಲ್ಲಿ ತಾವು ಕೂತೆದ್ದ ಒಂದು ಜಾಗವಿರುತ್ತದೆ, ಅದು ಅಳಿಯದಿರಲೆಂದು ಇಡೀ ಮನೆಯನ್ನೇ ಗುಡಿಸುತ್ತಿರುತ್ತಾರೆ. ಸೊವೆರ್ ಆಮೇಲೂ ಎಷ್ಟೋ ಬೇಸಿಗೆಗಳನ್ನು ಕಂಡ. ಊರ ಪಾದ್ರಿಯನ್ನು ಬರೆದ, ಮೇಕೆಗಳನ್ನು ಬರೆದ, ನಮ್ಮಜ್ಜನ ಕತ್ತೆಯನ್ನೂ ಬಿಡದೆ ಬರೆದ. ಅಜ್ಜಿಯ ಋಣವನ್ನು ಮಾತ್ರ ತೀರಿಸದೆ ಹೋದ.