ಕೈಗೆಟುಕುವ ಪಾಕೀಟು

ಚಿಪ್ಸ್ ಕಂಪನಿಯ ಸೇಲ್ಸ್‌ಮನ್ ಪಂಪಾಪತಿಯ ತೂಕ ನೂರೆರಡು ಕಿಲೋ ಮುಟ್ಟಿತ್ತು. ಹೊಸಪೇಟೆಯಲ್ಲಿ ಕಂಪನಿಯೇ ನಡೆಸಿದ ಆರೋಗ್ಯ ಶಿಬಿರದಲ್ಲಿ ಮ್ಯಾನೇಜರ್ ಎಲ್ಲರೆದುರು, "ತೂಕ ನಿಮ್ಮ ಜವಾಬ್ದಾರಿ, ಬಾಯಿ ಕಟ್ರಿ" ಎಂದಾಗ ಅವನು ನಾಚಿ ತಲೆ ತಗ್ಗಿಸಿದ.

ಮಧ್ಯಾಹ್ನ ಕಂಪ್ಲಿಗೆ ಬಂದು, ಶಾಲೆಯೆದುರಿನ ದುರುಗವ್ವನ ಅಂಗಡಿಯಲ್ಲಿ, ಕಂಪನಿಯ ಹೊಸ ಆದೇಶದಂತೆ ಚಿಪ್ಸ್ ಪಾಕೀಟುಗಳ ಸರವನ್ನು ಮಕ್ಕಳ ಕೈಗೆಟುಕುವಂತೆ ಕೆಳಗೆ ಕಟ್ಟತೊಡಗಿದ.

"ಅಲ್ಲೋ ತಮ್ಮಾ, ಸಣ್ಣ ಹುಡುಗ್ರ ಮೂಗಿನ ಮುಂದ ಕಟ್ಟಿದ್ರ ಅವು ಹೆಂಗ ಸುಮ್ನಿರ್ತಾವು?" ಎಂದಳು ದುರುಗವ್ವ.

"ತಿನ್ನೋದು ಬಿಡೋದು ಅವರ ಜವಾಬ್ದಾರಿ ಬಿಡವ್ವಾ," ಎಂದ. ಆಡಿದ ಮಾತು ತನಗೇ ಚುಚ್ಚಿತು. ಸರವನ್ನು ಬಿಚ್ಚಿ ಸೂರಿನ ಎತ್ತರಕ್ಕೆ ಕಟ್ಟಿ ಬಂದ.

ತಿಂಗಳೊಳಗೆ ಆ ಅಂಗಡಿಯಲ್ಲಿ ಚಿಪ್ಸ್ ವ್ಯಾಪಾರ ಇಳಿಯಿತು. ಕಂಪನಿ ಅವನನ್ನು ಬೈಯಲಿಲ್ಲ. ಮಕ್ಕಳು ಹತ್ತಿ ನಿಲ್ಲಲೆಂದು ಅಂಗಡಿಗೊಂದು ಬಣ್ಣದ ಸ್ಟೂಲ್ ಉಚಿತವಾಗಿ ಕಳಿಸಿತು. ಏದುಸಿರು ಬಿಡುತ್ತಾ ಅದನ್ನು ಹೊತ್ತು ತಂದವನು ಪಂಪಾಪತಿಯೇ.